ಆಸ್ತಿ ಇದ್ದಲ್ಲೇ ಪ್ರಚಾರ: ರಿಯಲ್ ಎಸ್ಟೇಟ್ ಏಜೆಂಟರ ಕಡಿಮೆ ಖರ್ಚಿನ ಜಾಹೀರಾತು ಹೇಗೆ ಕೆಲಸ ಮಾಡುತ್ತದೆ?

ಮನೆ ಹುಡುಕುವವರು ಈಗ ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲನ್ನು. ಏಜೆಂಟರ ಪ್ರಚಾರದ ಹಣವೂ ಬಹುಪಾಲು ಅಲ್ಲಿಗೇ ಹರಿಯುತ್ತಿದೆ. ಆದರೆ ಹುಡುಕುತಾಣಗಳಲ್ಲಿ ಜಾಹೀರಾತಿನ ಜಾಗ ಹರಾಜಿನ ಕ್ರಮದಲ್ಲಿ ಮಾರಾಟವಾಗುವುದರಿಂದ ಪೈಪೋಟಿ ಹೆಚ್ಚಿದಷ್ಟೂ ದರ ಏರುತ್ತದೆ. ಆಸ್ತಿ ಜಾಲತಾಣಗಳಲ್ಲಿ ಒಬ್ಬನೇ ಗಿರಾಕಿಯ ವಿಚಾರಣೆ ಒಂದೇ ಹೊತ್ತಿಗೆ ಹಲವು ಏಜೆಂಟರ ಕೈಸೇರುವುದೂ ಉಂಟು. ದೊಡ್ಡ ಸಂಸ್ಥೆಗಳು ಈ ಖರ್ಚನ್ನು ತಾಳಿಕೊಳ್ಳಬಲ್ಲವು. ಒಬ್ಬರೇ, ಅಥವಾ ಒಬ್ಬಿಬ್ಬರು ಸಹಾಯಕರೊಡನೆ ಹೊಸದಾಗಿ ವೃತ್ತಿಗೆ ಇಳಿದವರಿಗೆ ಅದು ಕಷ್ಟ. ಅಂಥವರು ಕರಪತ್ರ, ಫಲಕ, ಅಂಚೆ, ಬಾಯಿಮಾತಿನಂಥ ಹಳೆಯ ಸಾಧನಗಳ ಕಡೆಗೆ ತಿರುಗುವುದು ಸಹಜ. ಇವು ಅಗ್ಗವೇನೋ ಹೌದು. ಆದರೆ ಯಾವುದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದೆ ಬಳಸಿದರೆ ಹಾಕಿದ ಅಲ್ಪ ಹಣವೂ ದಂಡವಾಗುತ್ತದೆ.

## ಕೊಳ್ಳುವವರು ಎಲ್ಲಿದ್ದಾರೆ, ಮಾರುವವರು ಎಲ್ಲಿದ್ದಾರೆ?

ಏಜೆಂಟರು ಕೊಡುವ ಜಾಹೀರಾತುಗಳಲ್ಲಿ ಎರಡು ಬಗೆ ಇವೆ. ‘ಇಂಥ ಮನೆ ಮಾರಾಟಕ್ಕಿದೆ’ ಎಂದು ಹೇಳುವುದು ಆಸ್ತಿಯ ಜಾಹೀರಾತು; ಅದು ಕೊಳ್ಳುವವರನ್ನು ಹುಡುಕುತ್ತದೆ. ‘ನಿಮ್ಮ ಮನೆಯನ್ನು ಮಾರಿಸಿಕೊಡುವ ಕೆಲಸ ನಮಗೆ ಕೊಡಿ’ ಎಂದು ಹೇಳುವುದು ಏಜೆಂಟರ ಸ್ವಂತ ಜಾಹೀರಾತು. ಅದು ಮಾರುವವರನ್ನು ಹುಡುಕುತ್ತದೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ತುರುಕುವುದು ಸಾಮಾನ್ಯ. ಹಾಗೆ ಮಾಡಿದಾಗ ಎರಡರ ಬಲವೂ ಕುಗ್ಗುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಕೊಳ್ಳುವವರು ಯಾವ ಮೂಲೆಯಿಂದಾದರೂ ಬರಬಹುದು, ಅವರ ವಿಳಾಸ ಮುಂಚಿತವಾಗಿ ಯಾರಿಗೂ ಗೊತ್ತಿರುವುದಿಲ್ಲ. ಅಂಥವರನ್ನು ತಲುಪಲು ಜಾಲತಾಣವೇ ಸಮರ್ಥ ಸಾಧನ. ಮಾರುವವರ ಮಾತು ಬೇರೆ. ಆಸ್ತಿ ಸ್ಥಿರ, ಮತ್ತು ಮಾಲೀಕರಲ್ಲಿ ಹೆಚ್ಚಿನವರು ಅದರಲ್ಲೇ ಅಥವಾ ಅದರ ಹತ್ತಿರದಲ್ಲೇ ವಾಸವಾಗಿರುತ್ತಾರೆ. ಯಾವ ಬೀದಿಯಲ್ಲಿ ಎಷ್ಟು ಮನೆಗಳಿವೆ ಎಂಬುದನ್ನು ನಡೆದುಕೊಂಡು ಹೋಗಿ ಎಣಿಸಬಹುದು. ಕಾಗದ, ಫಲಕ ಮತ್ತು ಪರಿಚಯಗಳಿಂದ ನಡೆಯುವ ಪ್ರಚಾರಕ್ಕೆ ಬೆಲೆ ಬರುವುದು ಈ ಕಾರಣದಿಂದಲೇ. ಮುಂದೆ ಬರುವ ಬಹುತೇಕ ಉಪಾಯಗಳು ಮಾರುವವರನ್ನು ಮತ್ತು ಅವರ ನೆರೆಹೊರೆಯನ್ನು ಉದ್ದೇಶಿಸಿದವು.

ಇನ್ನು ‘ಕಡಿಮೆ ಖರ್ಚು’ ಎಂಬುದರ ಅರ್ಥ. ಒಂದು ಕರಪತ್ರಕ್ಕೆ ಎಷ್ಟಾಯಿತು ಎಂಬುದು ಮುದ್ರಣಾಲಯದ ಲೆಕ್ಕ. ಏಜೆಂಟರ ಲೆಕ್ಕ ಕುದುರಿದ ಒಂದು ವ್ಯವಹಾರಕ್ಕೆ ಎಷ್ಟಾಯಿತು ಎಂಬುದು. ಎರಡು ಸಾವಿರ ಕರಪತ್ರ ಹಂಚಿದಾಗ ಹತ್ತು ಫೋನ್ ಕರೆಗಳು ಬಂದು, ಅವುಗಳಲ್ಲಿ ನಾಲ್ಕು ಭೇಟಿಯ ತನಕ ಸಾಗಿ, ಕೊನೆಗೆ ಒಂದು ವ್ಯವಹಾರ ಮುಗಿಯಿತು ಎಂದುಕೊಳ್ಳೋಣ. ಕಮಿಷನ್ ಸಿಗುವುದು ಆ ಒಂದರಿಂದ ಮಾತ್ರ. ಎರಡು ಸಾವಿರ ಕರಪತ್ರಗಳ ಖರ್ಚೂ, ಹಂಚಿದವರ ಕೂಲಿಯೂ, ಉಳಿದ ಒಂಬತ್ತು ಕರೆಗಳಿಗೆ ವ್ಯಯವಾದ ಸಮಯವೂ ಅದರ ತಲೆಯ ಮೇಲೆ ಬೀಳುತ್ತವೆ. ಈ ಲೆಕ್ಕಕ್ಕೆ ಇಟ್ಟು ನೋಡಿದಾಗ ಅಗ್ಗವೆಂದು ತೋರುವ ಕೆಲವು ಸಾಧನಗಳು ದುಬಾರಿಯಾಗುತ್ತವೆ, ಕೈಯಲ್ಲಿ ಬರೆದ ಒಂದು ಕಾಗದದಂಥ ನಿಧಾನದ ಸಾಧನ ಅಗ್ಗವಾಗಿಬಿಡುತ್ತದೆ.

## ಒಂದೇ ಬಡಾವಣೆಯನ್ನು ಹಿಡಿದು ಕೂರುವುದು

ಸಣ್ಣದೊಂದು ಪ್ರದೇಶವನ್ನು ಆರಿಸಿಕೊಂಡು, ಅಲ್ಲಿನ ಮನೆಗಳಿಗೆ ತಿಂಗಳು ತಿಂಗಳೂ ತಪ್ಪದೆ ಏನಾದರೊಂದನ್ನು ತಲುಪಿಸುತ್ತ ಹೋಗುವ ಕ್ರಮಕ್ಕೆ ಈ ವೃತ್ತಿಯಲ್ಲಿ ‘ಫಾರ್ಮಿಂಗ್’ ಎನ್ನುತ್ತಾರೆ. ಹೊಲ ಬದಲಿಸುತ್ತ ಬೀಜ ಎರಚುವವನಿಗೂ ಒಂದೇ ಹೊಲವನ್ನು ಹದ ಮಾಡಿ ಕಾಯುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಅದನ್ನು ಅಂಕಿಗಳಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ.

600 ಮನೆಗಳಿರುವ ಬಡಾವಣೆಯಲ್ಲಿ ಒಂದು ವರ್ಷದಲ್ಲಿ 30 ಮನೆಗಳು ಕೈಬದಲಾಗುತ್ತವೆ ಎಂದಿಟ್ಟುಕೊಳ್ಳಿ. ಅಂದರೆ ವಹಿವಾಟಿನ ಪ್ರಮಾಣ ಶೇ. 5. ಇದನ್ನು ತಿಂಗಳಿಗೆ ಹಂಚಿದರೆ, ಯಾವುದೇ ಒಂದು ತಿಂಗಳಲ್ಲಿ ಮಾರುವ ನಿರ್ಧಾರಕ್ಕೆ ಬರುವವರು ಎರಡು ಮೂರು ಮನೆಯವರು ಮಾತ್ರ. ಒಂದೇ ಸಲ ಕರಪತ್ರ ಹಂಚಿ ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಕೈಬಿಡುವವರು ಗಮನಿಸದಿರುವುದು ಇದನ್ನೇ: ಆ 600 ಹಾಳೆಗಳಲ್ಲಿ 597 ಹಾಳೆಗಳು ಆ ತಿಂಗಳ ಮಟ್ಟಿಗೆ ಮಾರುವ ಯೋಚನೆಯೇ ಇಲ್ಲದವರ ಕೈಗೆ ಹೋಗಿರುತ್ತವೆ.

ಈಗ ಒಂದೇ ಖರ್ಚಿನ ಎರಡು ದಾರಿಗಳನ್ನು ಹೋಲಿಸೋಣ. 7,200 ಮನೆಗಳಿಗೆ ಒಂದು ಸಲ ಹಂಚುವುದು ಒಂದು ದಾರಿ. 600 ಮನೆಗಳಿಗೆ ಹನ್ನೆರಡು ಸಲ ಹಂಚುವುದು ಇನ್ನೊಂದು. ಮೊದಲನೆಯದರಲ್ಲಿ ವರ್ಷಕ್ಕೆ 360 ಮಂದಿ ಮಾರುವವರಿದ್ದರೂ, ಹಂಚಿದ ತಿಂಗಳಲ್ಲಿ ನಿರ್ಧಾರ ಮಾಡುವವರು ಸುಮಾರು 30 ಮಂದಿ. ಎರಡನೆಯದರಲ್ಲಿ ಇಡೀ ವರ್ಷದಲ್ಲಿ ಸಿಗುವವರೂ ಅದೇ 30 ಮಂದಿ. ಸಂಖ್ಯೆ ಸಮವಾಯಿತು. ಆದರೆ ಮೊದಲಿನ 30 ಮಂದಿ ಆ ಏಜೆಂಟರ ಹೆಸರನ್ನು ಅಂದೇ ಮೊದಲು ಕಂಡವರು; ಎರಡನೆಯ ಗುಂಪಿನಲ್ಲಿ ಹೆಚ್ಚಿನವರು ಅದನ್ನು ಹಲವು ತಿಂಗಳಿಂದ ನೋಡುತ್ತ ಬಂದವರು. ಪರಿಚಯವೊಂದೇ ಒಲವನ್ನು ಹುಟ್ಟಿಸಬಲ್ಲದು ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಅರ್ಥವೇ ತಿಳಿಯದ ಪದಗಳನ್ನೂ ಚಿಹ್ನೆಗಳನ್ನೂ ಪದೇ ಪದೇ ತೋರಿಸಿದಾಗ, ಹೆಚ್ಚು ಸಲ ಕಂಡವುಗಳ ಬಗ್ಗೆ ಜನ ಹೆಚ್ಚು ಒಳ್ಳೆಯ ಅಭಿಪ್ರಾಯ ಹೇಳಿದ್ದರು.

ಪ್ರದೇಶ ಆರಿಸುವ ಮುನ್ನ ಎರಡು ಸಂಗತಿಗಳನ್ನು ವಿಚಾರಿಸಿಕೊಳ್ಳಬೇಕು. ಹಿಂದಿನ ವರ್ಷ ಅಲ್ಲಿ ಎಷ್ಟು ಆಸ್ತಿಗಳು ಮಾರಾಟವಾದವು ಎಂಬುದು ಮೊದಲನೆಯದು; ವಹಿವಾಟೇ ಇಲ್ಲದ ಕಡೆ ಎಷ್ಟು ಹಂಚಿದರೂ ಫಲವಿಲ್ಲ. ಅವುಗಳಲ್ಲಿ ಅರ್ಧದಷ್ಟನ್ನು ಈಗಾಗಲೇ ಒಬ್ಬರೇ ಏಜೆಂಟರು ಮಾರಿಸುತ್ತಿದ್ದಾರೆಯೇ ಎಂಬುದು ಎರಡನೆಯದು. ಹಾಗಿದ್ದರೆ ಪಕ್ಕದ ಬಡಾವಣೆಯೇ ಲೇಸು.

## ಕರಪತ್ರ: ಬಿಸಾಡದೆ ಇಟ್ಟುಕೊಳ್ಳುವಂತೆ ಬರೆಯುವುದು

‘ಮನೆ ಮಾರಬೇಕೇ? ಕೊಳ್ಳಬೇಕೇ? ನಂಬಿಕೆಯ ಸೇವೆಗೆ ಇಂದೇ ಸಂಪರ್ಕಿಸಿ’ ಎಂಬ ಕರಪತ್ರವನ್ನು ನೋಡದವರಿಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ, ಇಟ್ಟುಕೊಳ್ಳುವಂಥದ್ದೂ ಏನೂ ಇಲ್ಲ. ಮನೆಯವರಿಗೆ ಮಾರುವ ಯೋಚನೆ ಆ ದಿನವೇ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬಂದೀತು.

ಅದೇ ಹಾಳೆಯಲ್ಲಿ ‘ಈ ಬಡಾವಣೆಯಲ್ಲಿ ಕಳೆದ ಮೂರು ತಿಂಗಳಲ್ಲಿ ಮಾರಾಟವಾದ ಮನೆಗಳು’ ಎಂಬ ತಲೆಬರಹ ಹಾಕಿ, ಕೆಳಗೆ ಪ್ರತಿ ಮನೆಯ ವಿಸ್ತೀರ್ಣ, ಕೋಣೆಗಳ ಸಂಖ್ಯೆ, ಮಾರಾಟಕ್ಕಿಟ್ಟು ಎಷ್ಟು ವಾರಗಳಲ್ಲಿ ವ್ಯವಹಾರ ಮುಗಿಯಿತು ಎಂಬ ವಿವರಗಳನ್ನು ನಾಲ್ಕು ಸಾಲುಗಳಲ್ಲಿ ಕೊಟ್ಟರೆ, ಮಾರುವ ಯೋಚನೆ ಇಲ್ಲದವರೂ ನಿಂತು ಓದುತ್ತಾರೆ. ತಮ್ಮ ಮನೆಗೆ ಈಗ ಎಷ್ಟು ಬಂದೀತು ಎಂಬ ಕುತೂಹಲ ಯಾವ ಮಾಲೀಕರಿಗೆ ತಾನೇ ಇರುವುದಿಲ್ಲ? ಮಾರಿದವರ ಹೆಸರು ಮತ್ತು ಮನೆಯ ಸಂಖ್ಯೆಯನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬಾರದು, ಸಾರ್ವಜನಿಕ ದಾಖಲೆಯಲ್ಲಿ ಸಿಗದ ಬೆಲೆಯನ್ನು ಊಹಿಸಿ ಬರೆಯಬಾರದು. ಹಾಳೆಯ ಹಿಂಬದಿಯಲ್ಲಿ ಮನೆ ಮಾರುವಾಗ ಯಾವ ಯಾವ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಬೇಕು ಎಂಬ ಪಟ್ಟಿ ಇದ್ದರೆ, ಆ ಹಾಳೆ ಕಸದ ಬುಟ್ಟಿಯ ಬದಲು ಆಸ್ತಿಪತ್ರಗಳ ಕಡತ ಸೇರುವ ಸಾಧ್ಯತೆ ಹೆಚ್ಚು.

ಮುದ್ರಣದ ಖರ್ಚು ಹೇಗೆ ನಿಲ್ಲುತ್ತದೆ ಎಂಬುದೂ ತಿಳಿದಿರಬೇಕು. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಪ್ಲೇಟ್, ಅಂದರೆ ಅಚ್ಚಿನ ತಗಡು, ಬೇಕು. ಬಹುವರ್ಣದ ಹಾಳೆಗೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು. ನೂರು ಪ್ರತಿ ತೆಗೆದರೂ ಐದು ಸಾವಿರ ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ ಆದ್ದರಿಂದ, ಪ್ರತಿಗಳು ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟೇ ಇಲ್ಲ. ಅಲ್ಲಿ ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಹೆಚ್ಚುಕಡಿಮೆ ಒಂದೇ ಬೆಲೆ. ಹಾಗಾಗಿ ಕೆಲವೇ ನೂರು ಪ್ರತಿಗಳಿಗೆ ಡಿಜಿಟಲ್, ಸಾವಿರಗಟ್ಟಲೆಗೆ ಆಫ್‌ಸೆಟ್ ಎಂಬುದು ಸಾಮಾನ್ಯ ಕ್ರಮ. ಬಣ್ಣದ ಕಾಗದದ ಮೇಲೆ ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಿದರೆ ಒಂದು ಪ್ಲೇಟು ಸಾಕು, ಕಣ್ಣಿಗೂ ಎದ್ದು ಕಾಣುತ್ತದೆ. ಗಾತ್ರದಲ್ಲಿಯೂ ಉಳಿತಾಯವಿದೆ. ಒಂದು ಎ4 ಹಾಳೆಯಿಂದ (210×297 ಮಿ.ಮೀ.) ಎರಡು ಎ5 ಅಥವಾ ನಾಲ್ಕು ಎ6 ಕರಪತ್ರಗಳು ಬರುತ್ತವೆ, ಕಾಗದ ಚೂರೂ ಪೋಲಾಗುವುದಿಲ್ಲ.

ಅಚ್ಚಿಗೆ ಹೋಗುವ ಮುನ್ನ ಪ್ರೂಫ್‌ನಲ್ಲಿರುವ (ತಿದ್ದಲು ಕೊಡುವ ಕರಡು ಪ್ರತಿಯಲ್ಲಿರುವ) ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ ನೋಡುವುದು ಒಳ್ಳೆಯದು. ಒಂದು ಅಂಕಿ ತಪ್ಪಿದರೆ ಇಡೀ ಕಂತು ರದ್ದಿಗೆ ಸಮ.

## ಫಲಕ: ಅಕ್ಷರದ ಎತ್ತರವೇ ಎಲ್ಲ

‘ಮಾರಾಟಕ್ಕಿದೆ’ ಎಂಬ ಫಲಕದಷ್ಟು ಅಗ್ಗವಾಗಿ, ಹಗಲಿಡೀ ಕೆಲಸ ಮಾಡುವ ಜಾಹೀರಾತು ಇನ್ನೊಂದಿಲ್ಲ. ಆ ಮನೆಯನ್ನು ಕೊಳ್ಳುವವರನ್ನು ಅದು ತರಬಹುದು, ತಾರದಿರಬಹುದು. ಆದರೆ ಆ ಬೀದಿಯಲ್ಲಿ ಯಾರು ಮನೆ ಮಾರಿಸುತ್ತಿದ್ದಾರೆ ಎಂಬುದನ್ನು ನೆರೆಯವರಿಗೆಲ್ಲ ತಿಳಿಸುತ್ತದೆ. ಅವರಲ್ಲೊಬ್ಬರು ನಾಳೆ ಮಾರುವವರಾಗಬಹುದು.

ಫಲಕಗಳು ಸೋಲುವುದು ಹೆಚ್ಚಾಗಿ ಓದಲಾಗದ್ದರಿಂದ. 2.5 ಸೆಂ.ಮೀ. ಎತ್ತರದ ಅಕ್ಷರವನ್ನು 3 ಮೀಟರ್ ದೂರದಿಂದ ಸಲೀಸಾಗಿ ಓದಬಹುದು ಎಂಬುದು ಫಲಕ ಬರೆಯುವವರು ಬಳಸುವ ಸ್ಥೂಲ ಅಳತೆ. ಇದೇ ಲೆಕ್ಕದಲ್ಲಿ 12 ಮೀಟರ್ ದೂರಕ್ಕೆ 10 ಸೆಂ.ಮೀ. ಅಕ್ಷರ ಬೇಕು, 30 ಮೀಟರಿಗೆ 25 ಸೆಂ.ಮೀ. ಗಂಟೆಗೆ 40 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಓದಲು ಮೂರು ಸೆಕೆಂಡು ಸಿಗಬೇಕೆಂದರೆ 33 ಮೀಟರ್ ಆಚೆಯಿಂದಲೇ ಅಕ್ಷರ ಸ್ಪಷ್ಟವಾಗಿ ಕಾಣಬೇಕು. 60 ಸೆಂ.ಮೀ. ಅಗಲದ ಫಲಕದಲ್ಲಿ ಅಷ್ಟು ದೊಡ್ಡ ಅಕ್ಷರಗಳು ಎರಡು ಹಿಡಿದರೆ ಹೆಚ್ಚು. ಇದರ ಅರ್ಥ ಸರಳ: ಸಣ್ಣ ಫಲಕ ವೇಗದ ರಸ್ತೆಗೆ ಹೇಳಿಸಿದ್ದಲ್ಲ. ನಡೆದು ಹೋಗುವವರು ಇರುವ ಬೀದಿ, ವಾಹನಗಳು ನಿಲ್ಲುವ ಅಥವಾ ನಿಧಾನಿಸುವ ತಿರುವು ಅದಕ್ಕೆ ತಕ್ಕ ಜಾಗ.

ಫಲಕದಲ್ಲಿ ಮೂರೇ ಸಂಗತಿಗಳಿರಲಿ: ಏನು ಎಂಬುದು, ಏಜೆಂಟರ ಹೆಸರು, ಫೋನ್ ನಂಬರು. ಭಾವಚಿತ್ರ, ಲಾಂಛನ, ಘೋಷವಾಕ್ಯ, ಸೇವೆಗಳ ಪಟ್ಟಿ ಸೇರಿದಷ್ಟೂ ನಂಬರು ಕಿರಿದಾಗುತ್ತದೆ. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬಿಡಬೇಕಾದ್ದರಿಂದ ಕನ್ನಡದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ದೂರಕ್ಕೆ ಎಲ್ಲವೂ ಕಲಸಿಕೊಂಡಂತೆ ಕಾಣುತ್ತದೆ. ಹಳದಿಯ ಮೇಲೆ ಕಪ್ಪು, ಕಡುನೀಲಿಯ ಮೇಲೆ ಬಿಳಿ ಚೆನ್ನಾಗಿ ಕಾಣುತ್ತವೆ. ಕೆಂಪಿನ ಮೇಲೆ ಹಸಿರು, ತಿಳಿ ಬಣ್ಣದ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ.

ಕ್ಯೂಆರ್ ಕೋಡನ್ನು ಎಲ್ಲೆಂದರಲ್ಲಿ ಅಂಟಿಸುವ ರೂಢಿಯ ಬಗ್ಗೆಯೂ ಒಂದು ಮಾತು. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಅವರ ತಂಡ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿದ ಸಂಕೇತ ಇದು, ಹತ್ತಿರದಿಂದ ಓದುವಂಥದ್ದು. ಓದುವ ದೂರದ ಹತ್ತನೆಯ ಒಂದು ಭಾಗದಷ್ಟು ಅಗಲ ಅದಕ್ಕಿರಬೇಕು ಎಂಬುದು ರೂಢಿಯ ಲೆಕ್ಕ. ಕೈಯಲ್ಲಿ ಹಿಡಿದ ಕರಪತ್ರಕ್ಕೆ 3 ಸೆಂ.ಮೀ. ಸಾಕು, 3 ಮೀಟರ್ ದೂರದ ಫಲಕಕ್ಕೆ 30 ಸೆಂ.ಮೀ. ಬೇಕು. ಗೇಟಿನ ಬಳಿ ನಿಲ್ಲುವವರಿಗೆ ಅದು ಅನುಕೂಲ. ಹಾದುಹೋಗುವ ವಾಹನದಲ್ಲಿ ಇರುವವರಿಗೆ ನಿರುಪಯೋಗಿ.

## ಮನೆ ತೋರಿಸುವ ದಿನ

ನಿಗದಿತ ದಿನ, ನಿಗದಿತ ಎರಡು ಗಂಟೆಗಳ ಕಾಲ ಯಾರು ಬೇಕಾದರೂ ಬಂದು ಮನೆ ನೋಡಬಹುದು ಎಂದು ಪ್ರಕಟಿಸುವುದಕ್ಕೆ ‘ಓಪನ್ ಹೌಸ್’ ಎನ್ನುತ್ತಾರೆ. ಮಾಲೀಕರ ಒಪ್ಪಿಗೆ, ತಿರುವುಗಳಲ್ಲಿ ಬಾಣದ ಗುರುತಿನ ಕೆಲವು ಫಲಕಗಳು ಮತ್ತು ಒಂದು ನೋಂದಣಿ ಪುಸ್ತಕ ಇದ್ದರೆ ಸಾಕು. ಬಂದವರಲ್ಲಿ ಆ ಮನೆಯನ್ನೇ ಕೊಳ್ಳುವವರು ಅಪರೂಪ. ಬರೀ ಕುತೂಹಲಕ್ಕೆ ಬಂದ ಅಕ್ಕಪಕ್ಕದವರೇ ಬಹಳ. ಇದನ್ನು ಕಂಡು ಬೇಸರಪಡುವ ಏಜೆಂಟರಿದ್ದಾರೆ. ಮಾರುವವರು ಎಲ್ಲಿದ್ದಾರೆ ಎಂಬ ಹಿಂದಿನ ಲೆಕ್ಕವನ್ನು ನೆನೆದರೆ, ಕುತೂಹಲದ ನೆರೆಯವರೇ ಈ ಕಾರ್ಯಕ್ರಮದ ನಿಜವಾದ ಗಳಿಕೆ. ಹಿಂದಿನ ದಿನ ಸುತ್ತಲಿನ ಇಪ್ಪತ್ತು ಮನೆಗಳಿಗೆ ಖುದ್ದಾಗಿ ಹೋಗಿ, ‘ನಿಮ್ಮ ಪಕ್ಕದಲ್ಲಿ ಬಂದು ನೆಲೆಸಲು ಬಯಸುವ ನೆಂಟರೋ ಸ್ನೇಹಿತರೋ ಇದ್ದರೆ ತಿಳಿಸಿ’ ಎಂದು ಕೇಳುವುದಕ್ಕೆ ಖರ್ಚಿಲ್ಲ, ಬಾಗಿಲು ತಟ್ಟಲು ಸಂಕೋಚವಿಲ್ಲದ ಕಾರಣವೂ ಸಿಕ್ಕಂತಾಗುತ್ತದೆ. ಬೆಲೆಬಾಳುವ ವಸ್ತುಗಳನ್ನು ಮಾಲೀಕರು ಮೊದಲೇ ಭದ್ರಪಡಿಸಿರಬೇಕು. ಬಂದವರ ಫೋನ್ ನಂಬರನ್ನು ಮುಂದೆ ಕರೆ ಮಾಡುವುದಾಗಿ ತಿಳಿಸಿಯೇ ಬರೆಸಿಕೊಳ್ಳಬೇಕು.

## ಬಾಯಿಮಾತು ಎಲ್ಲಿಂದ ಬರುತ್ತದೆ?

ಹಳೆಯ ಗಿರಾಕಿಗಳೂ ಪರಿಚಿತರೂ ಹೊಸಬರನ್ನು ಕಳಿಸಿಕೊಡುವುದು, ಅಂದರೆ ರೆಫರಲ್, ಎಲ್ಲಕ್ಕಿಂತ ಅಗ್ಗದ ಪ್ರಚಾರ ಎಂದು ಎಲ್ಲರೂ ಹೇಳುತ್ತಾರೆ. ಅದು ತಾನಾಗಿ ಬರುತ್ತದೆ ಎಂದು ಭಾವಿಸಿ ಸುಮ್ಮನಿರುವವರೇ ಹೆಚ್ಚು. ಮನೆ ಕೊಂಡವರು ಮತ್ತೆ ಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಏಜೆಂಟರ ಹೆಸರು ಮರೆತುಹೋಗಿರುತ್ತದೆ. ಆದ್ದರಿಂದ ನೆನಪಿಸುವ ಕೆಲಸವನ್ನು ಕ್ರಮವಾಗಿ ಮಾಡಬೇಕಾಗುತ್ತದೆ. 1963ರಿಂದ 1978ರವರೆಗೆ 13,001 ಕಾರುಗಳನ್ನು ಮಾರಿ ಹೆಸರಾದ ಅಮೆರಿಕದ ಜೋ ಗಿರಾರ್ಡ್, ತಮ್ಮ ಗಿರಾಕಿಗಳಿಗೆ ಪ್ರತಿ ತಿಂಗಳೂ ಅಂಚೆಯಲ್ಲಿ ಒಂದು ಶುಭಾಶಯ ಪತ್ರ ಕಳಿಸುತ್ತಿದ್ದರು. ಏಜೆಂಟರು ತಿಂಗಳಿಗೊಮ್ಮೆ ಕಳಿಸಬೇಕೆಂದಿಲ್ಲ. ಮನೆ ಕೊಂಡ ದಿನಕ್ಕೆ ವರ್ಷ ತುಂಬಿದಾಗ ಕೈಯಲ್ಲಿ ಬರೆದ ನಾಲ್ಕು ಸಾಲಿನ ಪತ್ರ, ತೆರಿಗೆ ಕಟ್ಟುವ ಕಾಲ ಬಂದಾಗ ಒಂದು ಜ್ಞಾಪನೆ, ಇಷ್ಟಾದರೂ ಸಾಕಾಗುತ್ತದೆ.

ಆಪ್ತರಿಗಿಂತ ದೂರದ ಪರಿಚಿತರಿಂದಲೇ ಹೊಸ ಸುದ್ದಿ ಹೆಚ್ಚಾಗಿ ಬರುತ್ತದೆ ಎಂಬುದೂ ಇಲ್ಲಿ ಗಮನಾರ್ಹ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಆ ಪರಿಚಿತರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದಾಗ, ‘ಮೇಲಿಂದ ಮೇಲೆ’ ಎಂದವರು ಶೇ. 16.7 ಮಾತ್ರ, ‘ಆಗೊಮ್ಮೆ ಈಗೊಮ್ಮೆ’ ಎಂದವರು ಶೇ. 55.6, ‘ಅಪರೂಪಕ್ಕೆ’ ಎಂದವರು ಶೇ. 27.8. ಅದು ಉದ್ಯೋಗದ ವಿಷಯವಾಗಿದ್ದರೂ ಕಾರಣ ಇಲ್ಲಿಗೂ ಹೊಂದುತ್ತದೆ: ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ, ದೂರದವರು ಬೇರೆ ವಲಯದ ಸುದ್ದಿ ತರುತ್ತಾರೆ. ಮನೆ ಸಾಗಿಸುವವರು, ಬಣ್ಣ ಬಳಿಯುವವರು, ಬಡಗಿಗಳು, ದಸ್ತಾವೇಜು ಬರೆಯುವವರು, ಗೃಹಸಾಲ ನೋಡಿಕೊಳ್ಳುವ ಬ್ಯಾಂಕ್ ನೌಕರರು ಇಂಥ ದೂರದ ಪರಿಚಿತರು. ಮಾರುವ ಮುನ್ನ ಮನೆಗೆ ಬಣ್ಣ ಬಳಿಸುವವರು ಬಹಳ. ಆ ಸುದ್ದಿ ಏಜೆಂಟರಿಗಿಂತ ಮೊದಲು ತಿಳಿಯುವುದು ಬಣ್ಣದವರಿಗೆ. ಸುದ್ದಿ ತಂದವರಿಗೆ ಹಣ ಕೊಡುವುದಕ್ಕೆ ಕೆಲವು ದೇಶಗಳಲ್ಲಿ ನಿರ್ಬಂಧವಿರುವುದರಿಂದ ಸ್ಥಳೀಯ ನಿಯಮ ನೋಡಿಕೊಳ್ಳಬೇಕು.

## ಉಳಿದ ಕೆಲವು

ವಾಹನದ ಹಿಂಬದಿಯ ಸ್ಟಿಕ್ಕರ್, ಅಂಗಡಿಗಳ ಸೂಚನಾ ಫಲಕದಲ್ಲಿ ಸಿಕ್ಕಿಸಿದ ಚೀಟಿ, ಪತ್ರಿಕೆಯ ವರ್ಗೀಕೃತ ಜಾಹೀರಾತು, ಶಾಲೆಯ ಕ್ರೀಡಾಕೂಟಕ್ಕೆ ಕೊಡುವ ಸಣ್ಣ ಪ್ರಾಯೋಜಕತ್ವ ಇವೆಲ್ಲ ಪೂರಕ ಸಾಧನಗಳು. ಆರಿಸಿಕೊಂಡ ಬಡಾವಣೆಯ ಒಳಗೇ ಕಾಣಿಸಿದರೆ ಇವುಗಳಿಗೆ ಅರ್ಥವಿದೆ. ಪೆನ್ನು, ಕೀಲಿಗೊಂಚಲು ಹಂಚುವುದಕ್ಕಿಂತ ಅದೇ ಹಣದಲ್ಲಿ ಇನ್ನೊಂದು ತಿಂಗಳ ಕರಪತ್ರ ಹಂಚುವುದು ಮೇಲು ಎಂದು ನನ್ನ ಎಣಿಕೆ. ವಿಸಿಟಿಂಗ್ ಕಾರ್ಡನ್ನು ಮಾತ್ರ ಬಿಡುವಂತಿಲ್ಲ. ಅದರ ಹಿಂಬದಿಯನ್ನು ಖಾಲಿ ಬಿಟ್ಟರೆ ಮಾತಿನ ನಡುವೆ ಮನೆಯ ಅಳತೆಯೋ ಭೇಟಿಯ ಸಮಯವೋ ಬರೆದುಕೊಡಲು ಬರುತ್ತದೆ.

## ಯಾವುದರಿಂದ ಕರೆ ಬಂತು?

ಕಾಗದದ ಜಾಹೀರಾತನ್ನು ಅಳೆಯಲಾಗದು ಎಂಬುದು ಪೂರ್ತಿ ನಿಜವಲ್ಲ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳು, ಒಂದೊಂದು ಪತ್ರಿಕೆಯಲ್ಲಿ ತಮ್ಮ ವಿಳಾಸದೊಡನೆ ಒಂದೊಂದು ವಿಭಾಗ ಸಂಖ್ಯೆಯನ್ನು ಸೇರಿಸಿ ಅಚ್ಚು ಹಾಕಿಸುತ್ತಿದ್ದರು. ಬಂದ ಪತ್ರದ ಮೇಲಿನ ಸಂಖ್ಯೆ ನೋಡಿದರೆ ಅದು ಯಾವ ಪತ್ರಿಕೆಯ ಫಲ ಎಂಬುದು ತಿಳಿಯುತ್ತಿತ್ತು. ಏಜೆಂಟರೂ ಅದನ್ನೇ ಮಾಡಬಹುದು. ಕರಪತ್ರಕ್ಕೆ ಒಂದು ಫೋನ್ ನಂಬರು, ಫಲಕಕ್ಕೆ ಇನ್ನೊಂದು ಕೊಡಬಹುದು. ಅಥವಾ ಪ್ರತಿ ತಿಂಗಳ ಕರಪತ್ರಕ್ಕೂ ಬೇರೆ ಕ್ಯೂಆರ್ ಕೋಡ್ ಮಾಡಿಸಬಹುದು. ಇದೂ ಬೇಡವೆಂದರೆ ಕರೆ ಮಾಡಿದವರನ್ನು ‘ನನ್ನ ನಂಬರು ಎಲ್ಲಿ ಸಿಕ್ಕಿತು?’ ಎಂದು ಕೇಳಿ, ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು. ಜನ ಕೊನೆಯದಾಗಿ ನೋಡಿದ್ದನ್ನು ಮಾತ್ರ ಹೇಳುವುದರಿಂದ ಈ ಉತ್ತರಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಫಲಕ ನೋಡಿ ಕರೆ ಮಾಡಿದೆ ಎನ್ನುವವರು ಆರು ತಿಂಗಳಿಂದ ಕರಪತ್ರ ಓದಿದವರಾಗಿರಬಹುದು. ಒಂದೆರಡು ತಿಂಗಳ ಅಂಕಿ ನೋಡಿ ನಿಲ್ಲಿಸದೆ, ಒಂದು ವರ್ಷದ ಪುಸ್ತಕವನ್ನು ಒಟ್ಟಿಗೆ ನೋಡಿ ತೀರ್ಮಾನಿಸುವುದು ಅದಕ್ಕಾಗಿಯೇ.

## ನಿಯಮಗಳ ಗೆರೆ

ಸಾರ್ವಜನಿಕ ಕಂಬ, ಮರ, ಗೋಡೆಗಳಿಗೆ ಅನುಮತಿಯಿಲ್ಲದೆ ಅಂಟಿಸುವುದು ಹಲವೆಡೆ ಅಪರಾಧ, ಮತ್ತು ಅಂಟಿಸಿದ ಹಾಳೆಯಲ್ಲಿ ಏಜೆಂಟರ ನಂಬರೇ ಇರುವುದರಿಂದ ಸಿಕ್ಕಿಬೀಳುವುದು ಸುಲಭ. ಅಮೆರಿಕದಲ್ಲಿ ಅಂಚೆಚೀಟಿ ಇಲ್ಲದ ಕರಪತ್ರವನ್ನು ಮನೆಯ ಅಂಚೆಪೆಟ್ಟಿಗೆಗೆ ಹಾಕುವಂತಿಲ್ಲ. ಜನಾಂಗ, ಧರ್ಮ ಮುಂತಾದವುಗಳ ಆಧಾರದ ಮೇಲೆ ‘ಇಂಥವರಿಗೆ ಮಾತ್ರ’ ಎಂದು ಸೂಚಿಸುವ ಮನೆಯ ಜಾಹೀರಾತನ್ನು ಅಲ್ಲಿನ 1968ರ ನ್ಯಾಯಸಮ್ಮತ ವಸತಿ ಕಾಯ್ದೆ ನಿಷೇಧಿಸುತ್ತದೆ. ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಡಿ ನೋಂದಣಿಯಾದ ಯೋಜನೆಗಳ ಆಸ್ತಿ ಮಾರಿಸಲು ಏಜೆಂಟರೂ ನೋಂದಾಯಿಸಿಕೊಂಡಿರಬೇಕು, ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಕರಪತ್ರದಷ್ಟು ಸಣ್ಣ ಹಾಳೆಯೆಂದು ಇದನ್ನು ಬಿಡಲು ಬರುವುದಿಲ್ಲ.

ಫಲಕಗಳಿಗೂ ಗಾತ್ರ ಮತ್ತು ಗಡುವಿನ ಮಿತಿ ಇರಬಹುದು. ಇಂಗ್ಲೆಂಡಿನಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ವಸತಿ ಮನೆಯ ಮುಂದೆ ನಿಲ್ಲಿಸುವ ಒಂಟಿ ಫಲಕ 0.5 ಚದರ ಮೀಟರ್ ಮೀರುವಂತಿಲ್ಲ, ಮಾರಾಟ ಪೂರ್ಣಗೊಂಡ 14 ದಿನಗಳೊಳಗೆ ಅದನ್ನು ತೆಗೆಯಬೇಕು. ಫಲಕ ತೆಗೆಯುವ ಮುನ್ನ ‘ಮಾರಾಟಕ್ಕಿದೆ’ ಎಂಬುದರ ಮೇಲೆ ‘ಮಾರಾಟವಾಗಿದೆ’ ಎಂಬ ಪಟ್ಟಿ ಅಂಟಿಸುವುದು ಏಜೆಂಟರ ವಾಡಿಕೆ. ಅದಕ್ಕೆ ಬೀಳುವ ಖರ್ಚು ಒಂದು ಸ್ಟಿಕ್ಕರಿನದು.